ಕೋರ್ ಎಣಿಕೆ ಪ್ರಮಾಣವಲ್ಲ: ವರ್ಚುವಲ್ ಮಷೀನ್‌ಗಳಿಗೆ ಯಂತ್ರಾಂಶ ಆರಿಸುವ ರೂಢಿಯ ಖಂಡನೆ

ಒಂದು ಕಂಪ್ಯೂಟರಿನ ಒಳಗೆ ತಂತ್ರಾಂಶದಿಂದಲೇ ರೂಪುಗೊಂಡ ಹಲವು ಕಂಪ್ಯೂಟರುಗಳನ್ನು ನಡೆಸುವ ವಿಧಾನಕ್ಕೆ ವರ್ಚುವಲೈಸೇಶನ್ ಎಂದೂ, ಹಾಗೆ ನಡೆಯುವ ಒಂದೊಂದು ಘಟಕಕ್ಕೆ ವರ್ಚುವಲ್ ಮಷೀನ್ ಎಂದೂ, ಅವುಗಳನ್ನು ಹುಟ್ಟಿಸಿ, ಅವುಗಳಿಗೆ ಸಂಪನ್ಮೂಲ ಹಂಚಿ, ಒಂದರ ತಂಟೆಗೆ ಇನ್ನೊಂದು ಹೋಗದಂತೆ ಕಾಯುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದೂ ಹೆಸರು. ಈ ವಿಧಾನ ದೊಡ್ಡ ಡೇಟಾ ಸೆಂಟರ್‌ಗಳಿಂದ ಹೊರಬಂದು ಕಾಲೇಜಿನ ಲ್ಯಾಬ್, ಸಣ್ಣ ಕಚೇರಿ ಮತ್ತು ಮನೆಯ ಮೇಜನ್ನು ತಲುಪುವ ಹೊತ್ತಿಗೆ, ಅದಕ್ಕೆ ತಕ್ಕ ಯಂತ್ರವನ್ನು ಆರಿಸುವ ಕುರಿತು ಒಂದು ಅಭಿಪ್ರಾಯವೂ ಜೊತೆಗೇ ಹಬ್ಬಿ, ಈಗ ಯಾರೂ ಪ್ರಶ್ನಿಸದ ರೂಢಿಯಾಗಿ ನಿಂತಿದೆ. ಪ್ರೊಸೆಸರ್‌ನಲ್ಲಿ ಕೋರ್‌ಗಳು ಎಷ್ಟು ಹೆಚ್ಚೋ ಯಂತ್ರ ಅಷ್ಟು ಯೋಗ್ಯ, ಉಳಿದದ್ದನ್ನೆಲ್ಲ ಹೈಪರ್‌ವೈಸರ್ ನೋಡಿಕೊಳ್ಳುತ್ತದೆ ಎಂಬುದು ಆ ಅಭಿಪ್ರಾಯದ ತಿರುಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ಡ್ ಕಂಪ್ಯೂಟರಿಗೆ ಬರೆದುಕೊಡುವ ಕೊಟೇಶನ್ ಇರಲಿ, ಸಂಸ್ಥೆಯೊಂದು ಕರೆಯುವ ಟೆಂಡರ್ ಇರಲಿ, ಮೊದಲ ಸಾಲು ಸಾಮಾನ್ಯವಾಗಿ ಪ್ರೊಸೆಸರ್‌ಗೆ ಮೀಸಲಾಗಿರುತ್ತದೆ. ಮದರ್‌ಬೋರ್ಡ್ 'ಅದಕ್ಕೆ ಹೊಂದುವ ಯಾವುದಾದರೊಂದು' ಎಂದಾಗಿ ಕೆಳಗೆಲ್ಲೋ ಉಳಿಯುತ್ತದೆ.

ಯಾವುದೇ ಮತವನ್ನು ಖಂಡಿಸುವ ಮುನ್ನ ಅದನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಮಂಡಿಸುವುದು ವಾದದ ಧರ್ಮವಾದ್ದರಿಂದ ಈ ಪೂರ್ವಪಕ್ಷವನ್ನು ಮೂರು ಅಂಗಗಳಲ್ಲಿ ಹೇಳಬಹುದು. ವರ್ಚುವಲೈಸೇಶನ್‌ನ ಉದ್ದೇಶವೇ ಯಂತ್ರಾಂಶವನ್ನು ಮರೆಮಾಡುವುದು, ಆದ್ದರಿಂದ ಕೆಳಗಿರುವ ಯಂತ್ರ ಯಾವುದೆಂಬ ಪ್ರಶ್ನೆ ತಾನಾಗಿಯೇ ಬಿದ್ದುಹೋಗುತ್ತದೆ ಎಂಬುದು ಮೊದಲನೆಯ ಅಂಗ. ಇದಕ್ಕೆ ಬೇಕಾದ ವಿಶೇಷ ಸೌಲಭ್ಯಗಳು ಈಗ ಮಾರುಕಟ್ಟೆಯ ಎಲ್ಲ ಪ್ರೊಸೆಸರ್‌ಗಳಲ್ಲೂ ಇವೆ, ಆದ್ದರಿಂದ ಹೊಂದಾಣಿಕೆ ಎಂಬುದು ಮುಗಿದ ಸಮಸ್ಯೆ ಎಂಬುದು ಎರಡನೆಯದು. ಹೀಗೆ ಗುಣಭೇದಗಳೆಲ್ಲ ಅಳಿದ ಮೇಲೆ ಉಳಿಯುವುದು ಪರಿಮಾಣ ಮಾತ್ರ, ಆದ್ದರಿಂದ ಕೋರ್, ಥ್ರೆಡ್ ಮತ್ತು ಗಿಗಾಹರ್ಟ್ಸ್‌ಗಳ ಎಣಿಕೆಯೇ ಆಯ್ಕೆಯ ಪ್ರಮಾಣ ಎಂಬುದು ಮೂರನೆಯದು. ಮೂರೂ ಒಂದಕ್ಕೊಂದು ಆತುಕೊಂಡಿರುವುದರಿಂದ ನೋಡಲು ಗಟ್ಟಿಯಾಗಿ ಕಾಣುತ್ತವೆ. ಬಿಡಿಸಿ ನೋಡಿದರೆ ಮೊದಲನೆಯದು ಅರ್ಧಸತ್ಯ, ಎರಡನೆಯದು ಹಳೆಯ ಸಮಸ್ಯೆಯೊಂದರ ಪರಿಹಾರವನ್ನು ಎಲ್ಲ ಸಮಸ್ಯೆಗಳ ಪರಿಹಾರವೆಂದು ಬಗೆದದ್ದು, ಮೂರನೆಯದು ಇವೆರಡರ ಮೇಲೆ ನಿಂತ ತಪ್ಪು ತೀರ್ಮಾನ.

ಮೊದಲು ಮೂರನೆಯ ಅಂಗವನ್ನೇ ಪರೀಕ್ಷಿಸುವುದು ಅನುಕೂಲ. ಒಂದು ವಸ್ತುವಿಗೆ ಹೇಳಿದ ಲಕ್ಷಣ ಆ ವಸ್ತುವಲ್ಲದ್ದಕ್ಕೂ ಅನ್ವಯಿಸಿದರೆ ನ್ಯಾಯಶಾಸ್ತ್ರ ಅದನ್ನು ಅತಿವ್ಯಾಪ್ತಿ ಎನ್ನುತ್ತದೆ, ಆ ವಸ್ತುವೇ ಆದದ್ದನ್ನು ಹೊರಗಿಟ್ಟರೆ ಅವ್ಯಾಪ್ತಿ ಎನ್ನುತ್ತದೆ. ಕೋರ್ ಎಣಿಕೆಯನ್ನು ಯೋಗ್ಯತೆಯ ಲಕ್ಷಣವೆಂದರೆ ಎರಡೂ ದೋಷಗಳು ಒಟ್ಟಿಗೇ ತಗಲುತ್ತವೆ. 2008ರಲ್ಲಿ ಇಂಟೆಲ್ ಹೊರತಂದ ಕೋರ್ 2 ಕ್ವಾಡ್ ಕ್ಯೂ8200 ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್‌ಗಳಿದ್ದರೂ ವರ್ಚುವಲೈಸೇಶನ್‌ಗೆ ನೆರವಾಗುವ ವಿಟಿ-ಎಕ್ಸ್ ಸೌಲಭ್ಯ ಇರಲಿಲ್ಲ, ಅದೇ ವರ್ಷದ ಎರಡೇ ಕೋರ್‌ಗಳ ಕೋರ್ 2 ಡ್ಯುಯೊ ಇ8400ರಲ್ಲಿ ಅದು ಇತ್ತು. 2009ರಲ್ಲಿ ವಿಂಡೋಸ್ 7ರ ಜೊತೆ ಬಂದ ಎಕ್ಸ್‌ಪಿ ಮೋಡ್, ಅಂದರೆ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ವರ್ಚುವಲ್ ಮಷೀನ್ ಆಗಿ ನಡೆಸುವ ವ್ಯವಸ್ಥೆ, ಮೊದಲಿಗೆ ಈ ಸೌಲಭ್ಯವನ್ನು ಕಡ್ಡಾಯವಾಗಿ ಬೇಡುತ್ತಿತ್ತು. 2010ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಆ ಷರತ್ತನ್ನು ಕೈಬಿಡುವವರೆಗೆ ನಾಲ್ಕು ಕೋರ್‌ಗಳ ಒಡೆಯ ಹೊರಗೆ ನಿಂತಿದ್ದ, ಎರಡು ಕೋರ್‌ಗಳ ಒಡೆಯ ಒಳಗಿದ್ದ. ಇನ್ನೂ ವಿಚಿತ್ರವಾದುದು 2011ರ ಕೋರ್ ಐ7-2600 ಮತ್ತು ಐ7-2600ಕೆ ಎಂಬ ಜೋಡಿ: ಎರಡರಲ್ಲೂ ಕೋರ್‌ಗಳು ನಾಲ್ಕೇ, ಆದರೆ ವೇಗ ಹೆಚ್ಚಿಸಿಕೊಳ್ಳಲು ಅವಕಾಶವಿದ್ದ, ಹೆಚ್ಚು ಬೆಲೆಯ 'ಕೆ' ಮಾದರಿಯಲ್ಲಿ ಯಂತ್ರದ ಬಿಡಿ ಸಾಧನಗಳನ್ನು ವರ್ಚುವಲ್ ಮಷೀನ್‌ಗೆ ಒಪ್ಪಿಸಿಕೊಡುವ ವಿಟಿ-ಡಿ ಸೌಲಭ್ಯವನ್ನು ತೆಗೆಯಲಾಗಿತ್ತು. ಬೆಲೆಯನ್ನೋ ಎಣಿಕೆಯನ್ನೋ ಪ್ರಮಾಣವೆಂದು ನಂಬಿದವನು ಹೆಚ್ಚು ಹಣ ಕೊಟ್ಟು ಕಡಿಮೆ ಯೋಗ್ಯವಾದುದನ್ನು ಕೊಂಡ.

ಇವೆಲ್ಲ ಹಳೆಯ ಕಾಲದ ವಿಕೃತಿಗಳು, ಈಗ ಹಾಗಿಲ್ಲ ಎಂಬ ಉತ್ತರ ಬರುವುದು ಸಹಜವಾದ್ದರಿಂದ ಈಚಿನ ಉದಾಹರಣೆಗಳನ್ನೂ ನೋಡಬೇಕು. 2018ರಲ್ಲಿ ಬಂದ ಎಎಂಡಿಯ ಥ್ರೆಡ್‌ರಿಪ್ಪರ್ 2990ಡಬ್ಲ್ಯೂಎಕ್ಸ್‌ನಲ್ಲಿ 32 ಕೋರ್‌ಗಳಿದ್ದವು. ಆದರೆ ಅದರೊಳಗಿನ ನಾಲ್ಕು ಚಿಪ್‌ಗಳಲ್ಲಿ ಎರಡಕ್ಕೆ ಮಾತ್ರ ರ‍್ಯಾಮ್‌ನ ನೇರ ಸಂಪರ್ಕವಿದ್ದು, ಉಳಿದ ಎರಡರ 16 ಕೋರ್‌ಗಳು ನೆನಪಿನ ಒಂದೊಂದು ತುಣುಕಿಗೂ ಪಕ್ಕದ ಚಿಪ್‌ನ ಮೂಲಕ ಹೋಗಿಬರಬೇಕಾಗಿತ್ತು. ಇದರಿಂದಾಗಿ ಕೆಲವು ಕೆಲಸಗಳಲ್ಲಿ ಅದು ತನ್ನದೇ ಬಳಗದ 16 ಕೋರ್‌ಗಳ ಪ್ರೊಸೆಸರ್‌ಗಿಂತ ಹಿಂದೆ ಬಿದ್ದಿತು. 2021ರಲ್ಲಿ ಇಂಟೆಲ್‌ನ ಹನ್ನೆರಡನೆಯ ಪೀಳಿಗೆಯ ಪ್ರೊಸೆಸರ್‌ಗಳು ಶಕ್ತಿಯುತ ಕೋರ್ ಮತ್ತು ಮಿತವ್ಯಯದ ಕೋರ್ ಎಂಬ ಎರಡು ಬಗೆಗಳನ್ನು ಬೆರೆಸಿಕೊಂಡು ಬಂದಾಗ, ಎಲ್ಲ ಕೋರ್‌ಗಳೂ ಒಂದೇ ಬಗೆಯವಾಗಿರಬೇಕೆಂದು ನಿರೀಕ್ಷಿಸುವ ವಿಎಂವೇರ್‌ನ ಇಎಸ್‌ಎಕ್ಸ್‌ಐ ಹೈಪರ್‌ವೈಸರ್ ಬೂಟ್ ಆಗುವ ಹಂತದಲ್ಲೇ ನೇರಳೆ ಬಣ್ಣದ ದೋಷ ಪರದೆಯನ್ನು ತೋರಿಸಿ ನಿಂತುಬಿಡುತ್ತಿತ್ತು; ಕೋರ್‌ಗಳ ಏಕರೂಪತೆಯನ್ನು ಪರೀಕ್ಷಿಸುವ ಹೆಜ್ಜೆಯನ್ನೇ ಬಿಡುವಂತೆ ಆಜ್ಞೆ ಕೊಟ್ಟ ಮೇಲಷ್ಟೇ ಅದು ಮುಂದುವರಿಯುತ್ತಿತ್ತು. ಥ್ರೆಡ್‌ಗಳ ಲೆಕ್ಕವೂ ಅಷ್ಟೇ ಅಸ್ಥಿರ: 2018ರ ಆಗಸ್ಟ್‌ನಲ್ಲಿ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಲ್1ಟಿಎಫ್ ಎಂಬ ಭದ್ರತಾ ದೋಷ ಬಯಲಾದಾಗ, ನಂಬಲಾಗದ ವರ್ಚುವಲ್ ಮಷೀನ್‌ಗಳನ್ನು ನಡೆಸುವವರು ಒಂದು ಕೋರ್ ಅನ್ನು ಎರಡು ಥ್ರೆಡ್‌ಗಳಾಗಿ ತೋರಿಸುವ ಹೈಪರ್‌ಥ್ರೆಡಿಂಗ್ ಅನ್ನು ಆಫ್ ಮಾಡಬೇಕಾದ ಸ್ಥಿತಿ ಬಂತು, ಅಂದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಸಂಖ್ಯೆ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಯಿತು.

ಎಣಿಕೆ ಹೀಗೆ ಕೈಕೊಡಲು ಕಾರಣವೇನೆಂಬುದು ವರ್ಚುವಲೈಸೇಶನ್‌ನ ಸ್ವಭಾವದಲ್ಲೇ ಇದೆ. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರೊಸೆಸರ್ ವರ್ಚುವಲೈಸೇಶನ್‌ಗೆ ಒದಗಬೇಕಾದರೆ ಇರಬೇಕಾದ ಷರತ್ತನ್ನು ಸೂತ್ರರೂಪದಲ್ಲಿ ಹೇಳಿದರು: ಯಂತ್ರದ ಸ್ಥಿತಿಯನ್ನು ಬದಲಿಸುವ ಅಥವಾ ಬಯಲು ಮಾಡುವ ಯಾವ ಸೂಚನೆಯನ್ನು ಅತಿಥಿ ವ್ಯವಸ್ಥೆ, ಅಂದರೆ ವರ್ಚುವಲ್ ಮಷೀನ್‌ನೊಳಗಿನ ಕಾರ್ಯಾಚರಣ ವ್ಯವಸ್ಥೆ, ನಡೆಸಹೊರಟರೂ ಪ್ರೊಸೆಸರ್ ಅದನ್ನು ತಡೆದು ಹೈಪರ್‌ವೈಸರ್‌ಗೆ ತಿಳಿಸಬೇಕು. ಆ ಹೊತ್ತಿಗಾಗಲೇ ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ 1972ರಲ್ಲಿ ವಿಎಂ/370 ಎಂಬ ವರ್ಚುವಲೈಸೇಶನ್ ವ್ಯವಸ್ಥೆಯನ್ನು ಹೊರತಂದಿತ್ತು. ಆದರೆ ಮುಂದೆ ಮೇಜುಮೇಜಿಗೂ ಬಂದ ಎಕ್ಸ್86 ಪ್ರೊಸೆಸರ್‌ಗಳು ಈ ಷರತ್ತನ್ನು ಪಾಲಿಸುತ್ತಿರಲಿಲ್ಲ. ಪೆಂಟಿಯಂನಲ್ಲಿ ಇಂಥ 17 ಸೂಚನೆಗಳು ತಡೆಯಿಲ್ಲದೆ ದಾಟಿಹೋಗುತ್ತವೆಂದು 2000ದಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಪಟ್ಟಿಮಾಡಿತು. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಶನ್ ಅತಿಥಿಯ ಸೂಚನೆಗಳನ್ನು ನಡೆಯುವಾಗಲೇ ತಿದ್ದಿ ಬರೆಯುವ ಉಪಾಯದಿಂದ ಈ ಕೊರತೆಯನ್ನು ದಾಟಿತು, 2003ರಲ್ಲಿ ಕೇಂಬ್ರಿಜ್‌ನಿಂದ ಬಂದ ಝೆನ್ ಎಂಬ ಹೈಪರ್‌ವೈಸರ್ ಅತಿಥಿ ವ್ಯವಸ್ಥೆಯನ್ನೇ ಮಾರ್ಪಡಿಸಿ ದಾಟಿತು. ಕೊನೆಗೆ 2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ಅನ್ನೂ 2006ರಲ್ಲಿ ಎಎಂಡಿ ತನ್ನ ಎಎಂಡಿ-ವಿ ಅನ್ನೂ ತಂದ ಮೇಲೆ ಯಂತ್ರವೇ ಆ ಹೊಣೆಯನ್ನು ಹೊತ್ತುಕೊಂಡಿತು. ಈ ಚರಿತ್ರೆ ಹೇಳುವುದೇನೆಂದರೆ, ವರ್ಚುವಲೈಸೇಶನ್ ಯಂತ್ರಾಂಶದಿಂದ ದೂರ ಸರಿಯುತ್ತ ಬಂದಿಲ್ಲ, ಹೆಜ್ಜೆಹೆಜ್ಜೆಗೂ ಅದರೊಳಕ್ಕೆ ಇಳಿಯುತ್ತ ಬಂದಿದೆ.

ಪೂರ್ವಪಕ್ಷದ ಮೊದಲನೆಯ ಅಂಗದ ಅರ್ಧಸತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಹೈಪರ್‌ವೈಸರ್ ಯಂತ್ರಾಂಶವನ್ನು ಮರೆಮಾಡುವುದು ಮೇಲ್ಮುಖವಾಗಿ ಮಾತ್ರ: ಅತಿಥಿಗೆ ಅದು ಒಂದು ಕಾಲ್ಪನಿಕ ನೆಟ್‌ವರ್ಕ್ ಕಾರ್ಡ್ ಮತ್ತು ಒಂದು ಕಾಲ್ಪನಿಕ ಡಿಸ್ಕ್ ತೋರಿಸುತ್ತದೆ, ಆದರೆ ಕೆಳಮುಖವಾಗಿ ನಿಜವಾದ ಕಾರ್ಡ್ ಮತ್ತು ನಿಜವಾದ ಡಿಸ್ಕ್‌ನೊಡನೆ ವ್ಯವಹರಿಸಬೇಕಾದುದು ಅದೇ. ಒಂದು ಯಂತ್ರದಲ್ಲಿ ಒಂದು ವ್ಯವಸ್ಥೆ ನಡೆಯುವಾಗ ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಕೆಟ್ಟರೆ ಕೆಡುವುದು ಒಂದೇ ಕೆಲಸ, ಹತ್ತು ವರ್ಚುವಲ್ ಮಷೀನ್‌ಗಳು ನಡೆಯುವಾಗ ಕೆಟ್ಟರೆ ಹತ್ತೂ ಒಟ್ಟಿಗೆ ಕಡಿದುಹೋಗುತ್ತವೆ; ಅಂದರೆ ಯಂತ್ರಾಂಶದ ಮೇಲಿನ ಅವಲಂಬನೆ ಕಡಿಮೆಯಾಗುವ ಬದಲು ಒಂದೇ ಕಡೆ ಸಾಂದ್ರಗೊಳ್ಳುತ್ತದೆ. ಅದಲ್ಲದೆ ಪ್ರೊಸೆಸರ್ ಅನ್ನು ಹೈಪರ್‌ವೈಸರ್ ಅನುಕರಿಸುವುದಿಲ್ಲ, ಅತಿಥಿಯ ಸೂಚನೆಗಳು ನಿಜವಾದ ಪ್ರೊಸೆಸರ್‌ನ ಮೇಲೆಯೇ ನೇರವಾಗಿ ಓಡುತ್ತವೆ. ಆ ಕಾರಣಕ್ಕಾಗಿಯೇ 2020ರಲ್ಲಿ ಬಂದ ಆಪಲ್‌ನ ಎಂ1 ಮ್ಯಾಕ್‌ಗಳು ಎಷ್ಟೇ ವೇಗದವಾದರೂ ಆರ್ಮ್ ಬಗೆಯ ಅತಿಥಿಗಳನ್ನು ಮಾತ್ರ ಸಹಜ ವೇಗದಲ್ಲಿ ನಡೆಸಬಲ್ಲವು; ಎಕ್ಸ್86 ವಿಂಡೋಸ್ ಅನ್ನೇ ನಡೆಸಬೇಕೆಂದರೆ ಒಂದೊಂದು ಸೂಚನೆಯನ್ನೂ ಅನುಕರಿಸುವ ನಿಧಾನದ ದಾರಿಯೇ ಗತಿ.

ಇದೇ ತರ್ಕ ಪ್ರೊಸೆಸರ್‌ನ ಸೂಚನಾ ಸಮೂಹಕ್ಕೂ ಅನ್ವಯಿಸುತ್ತದೆ. ಎಕ್ಸ್86 ಲೋಕದಲ್ಲಿ ಈಗ ಪ್ರೊಸೆಸರ್‌ಗಳನ್ನು ಅವು ಬಲ್ಲ ಸೂಚನೆಗಳ ಆಧಾರದಲ್ಲಿ ವಿ1, ವಿ2, ವಿ3 ಎಂದು ಮಟ್ಟಗಳಾಗಿ ವಿಂಗಡಿಸಲಾಗುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ವಿ2 ಮಟ್ಟವನ್ನೂ 2025ರಲ್ಲಿ ಬಂದ 10ನೆಯ ಆವೃತ್ತಿ ವಿ3 ಮಟ್ಟವನ್ನೂ ಬೇಡುತ್ತವೆ, ಮಾಂಗೊಡಿಬಿ ದತ್ತಸಂಚಯದ 5.0 ಆವೃತ್ತಿ ಎವಿಎಕ್ಸ್ ಸೂಚನೆಗಳನ್ನು ಬೇಡುತ್ತದೆ. ಪ್ರಾಕ್ಸ್‌ಮಾಕ್ಸ್ ಹೈಪರ್‌ವೈಸರ್ ತನ್ನ 8ನೆಯ ಆವೃತ್ತಿಗೆ ಮುಂಚೆ ಹೊಸ ವರ್ಚುವಲ್ ಮಷೀನ್‌ಗಳಿಗೆ ಕೆವಿಎಂ64 ಎಂಬ ಅತ್ಯಂತ ಹಳೆಯ ಪ್ರೊಸೆಸರ್ ಮಾದರಿಯನ್ನು ತಾನಾಗಿ ತೊಡಿಸುತ್ತಿದ್ದುದರಿಂದ, ಕೆಳಗಿರುವ ಪ್ರೊಸೆಸರ್ ಸಮರ್ಥವಾಗಿದ್ದರೂ ಮೇಲಿನ ಅತಿಥಿ ಬೂಟ್ ಆಗದೆ ಬೀಳುತ್ತಿತ್ತು. ಇದಕ್ಕೆ ವಿರುದ್ಧವಾಗಿ ನಿಜವಾದ ಪ್ರೊಸೆಸರ್‌ನ ಎಲ್ಲ ಸೂಚನೆಗಳನ್ನೂ ಅತಿಥಿಗೆ ಬಿಟ್ಟುಕೊಟ್ಟರೆ, ನಡೆಯುತ್ತಿರುವ ವರ್ಚುವಲ್ ಮಷೀನ್ ಅನ್ನು ನಿಲ್ಲಿಸದೆಯೇ ಇನ್ನೊಂದು ಯಂತ್ರಕ್ಕೆ ಸಾಗಿಸುವ ಲೈವ್ ಮೈಗ್ರೇಶನ್ ಕುಂಟುತ್ತದೆ. ಎರಡನೆಯ ಯಂತ್ರಕ್ಕೆ ತಿಳಿಯದ ಸೂಚನೆಯನ್ನು ಅತಿಥಿ ಬಳಸಿದ ಕ್ಷಣವೇ ಅದು ಕುಸಿಯುತ್ತದೆ. ಎರಡು ಯಂತ್ರಗಳನ್ನು ಜೋಡಿಸುವವರಿಗೆ ಒಂದರಲ್ಲಿ ಎಷ್ಟು ಕೋರ್‌ಗಳಿವೆ ಎಂಬುದಕ್ಕಿಂತ ಎರಡೂ ಒಂದೇ ತಯಾರಕರ, ಹತ್ತಿರದ ಪೀಳಿಗೆಗಳ ಪ್ರೊಸೆಸರ್‌ಗಳೇ ಎಂಬುದು ಮುಖ್ಯವಾಗುವುದು ಈ ಕಾರಣದಿಂದ.

ಎರಡನೆಯ ಅಂಗ, ಅಂದರೆ ಹೊಂದಾಣಿಕೆ ಮುಗಿದ ಸಮಸ್ಯೆ ಎಂಬ ಮಾತು, ವಿಟಿ-ಎಕ್ಸ್ ಮತ್ತು ಎಎಂಡಿ-ವಿಗಳ ಮಟ್ಟಿಗೆ ಬಹುಪಾಲು ನಿಜವೆಂದು ಒಪ್ಪಬೇಕು. ಆದರೆ ಪ್ರೊಸೆಸರ್‌ನಲ್ಲಿ ಸೌಲಭ್ಯ ಇರುವುದು ಬೇರೆ, ಅದನ್ನು ಬಳಸಲು ಅನುಮತಿ ಇರುವುದು ಬೇರೆ. ಇಂಟೆಲ್ ಪ್ರೊಸೆಸರ್ ಆನ್ ಆದೊಡನೆ ಮದರ್‌ಬೋರ್ಡ್‌ನ ಫರ್ಮ್‌ವೇರ್, ರೂಢಿಯ ಮಾತಿನಲ್ಲಿ ಬಯೋಸ್, ಒಂದು ನಿಯಂತ್ರಣ ರಿಜಿಸ್ಟರ್‌ನಲ್ಲಿ ವಿಟಿ-ಎಕ್ಸ್ ಬೇಕೋ ಬೇಡವೋ ಎಂದು ಬರೆದು ಅದಕ್ಕೆ ಬೀಗ ಹಾಕುತ್ತದೆ. ಬೀಗ ಬಿದ್ದ ಮೇಲೆ ಯಂತ್ರ ಮತ್ತೆ ಮೊದಲಿನಿಂದ ಆನ್ ಆಗುವವರೆಗೆ ಯಾವ ಕಾರ್ಯಾಚರಣ ವ್ಯವಸ್ಥೆಯೂ ಅದನ್ನು ಬದಲಿಸಲಾರದು. ಬಯೋಸ್‌ನ ಮೆನುವಿನಲ್ಲಿ ಆ ಆಯ್ಕೆಯನ್ನೇ ಕೊಡದ ಲ್ಯಾಪ್‌ಟಾಪ್‌ಗಳು ಒಂದು ಕಾಲದಲ್ಲಿ ಬೇಕಾದಷ್ಟಿದ್ದವು. ಹೀಗೆ ಪ್ರೊಸೆಸರ್‌ನ ಯೋಗ್ಯತೆ ಮದರ್‌ಬೋರ್ಡ್‌ನ ಕೃಪೆಗೆ ಒಳಪಟ್ಟಿರುವಾಗ, ಮೊದಲನೆಯದಕ್ಕೆ ಹಣವೆಲ್ಲ ಸುರಿದು ಎರಡನೆಯದನ್ನು ಉಳಿಕೆ ಹಣದಲ್ಲಿ ಕೊಳ್ಳುವುದು ಆಯ್ಕೆಯ ಕ್ರಮವನ್ನು ತಲೆಕೆಳಗು ಮಾಡಿದಂತೆ.

ಮದರ್‌ಬೋರ್ಡ್‌ನ ಅಧಿಕಾರ ಅತ್ಯಂತ ಗಾಢವಾಗಿ ಕಾಣುವುದು ಐಒಎಂಎಂಯು ಎಂಬ ಘಟಕದ ವಿಷಯದಲ್ಲಿ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಮುಂತಾದ ಸಾಧನಗಳು ಪ್ರೊಸೆಸರ್‌ನ ಮಧ್ಯಸ್ಥಿಕೆಯಿಲ್ಲದೆ ರ‍್ಯಾಮ್‌ಗೆ ನೇರವಾಗಿ ಬರೆಯಬಲ್ಲವು. ಅಂಥ ಸಾಧನವನ್ನು ಒಂದು ವರ್ಚುವಲ್ ಮಷೀನ್‌ಗೆ ಒಪ್ಪಿಸಿಕೊಟ್ಟಾಗ ಅದು ಬೇರೆ ಮಷೀನ್‌ಗಳ ನೆನಪಿಗೆ ಕೈಹಾಕದಂತೆ ತಡೆಯುವ ಕಾವಲು ಐಒಎಂಎಂಯು. ಇಂಟೆಲ್‌ನಲ್ಲಿ ಅದಕ್ಕೆ ವಿಟಿ-ಡಿ ಎಂದೂ ಎಎಂಡಿಯಲ್ಲಿ ಎಎಂಡಿ-ವಿಐ ಎಂದೂ ಹೆಸರು. 2012ರಲ್ಲಿ ಲಿನಕ್ಸ್ 3.6ರೊಂದಿಗೆ ಬಂದ ವಿಎಫ್‌ಐಒ ಎಂಬ ವ್ಯವಸ್ಥೆ ಇದನ್ನು ಆಧರಿಸಿಯೇ ಸಾಧನಗಳನ್ನು ಅತಿಥಿಗೆ ಕೊಡುತ್ತದೆ. ಆದರೆ ಈ ಕಾವಲು ಸಾಧನಗಳನ್ನು ಬಿಡಿಬಿಡಿಯಾಗಿ ಅಲ್ಲ, ಗುಂಪುಗಳಾಗಿ ಕಾಣುತ್ತದೆ. ತಮ್ಮತಮ್ಮೊಳಗೆ ನೇರವಾಗಿ ಮಾತಾಡಿಕೊಳ್ಳಬಲ್ಲ ಸಾಧನಗಳೆಲ್ಲ ಒಂದೇ ಗುಂಪಿಗೆ ಸೇರುತ್ತವೆ, ಮತ್ತು ಗುಂಪನ್ನು ಒಡೆದು ಹಂಚಲು ಬರುವುದಿಲ್ಲ. ಒಂದೇ ಮೀಟರಿಗೆ ಸೇರಿದ ವಠಾರದಲ್ಲಿ ಒಂದು ಮನೆಯ ವಿದ್ಯುತ್ತನ್ನಷ್ಟೇ ಕಡಿಯಲು ಲೈನ್‌ಮನ್‌ಗೆ ಸಾಧ್ಯವಿಲ್ಲದಂತೆ, ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಅತಿಥಿಗೆ ಕೊಡಹೊರಟವನು ಅದೇ ಗುಂಪಿನಲ್ಲಿರುವ ಡಿಸ್ಕ್ ನಿಯಂತ್ರಕವನ್ನೂ ನೆಟ್‌ವರ್ಕ್ ಕಾರ್ಡ್ ಅನ್ನೂ ಜೊತೆಗೇ ಕೊಡಬೇಕಾಗುತ್ತದೆ, ಕೊಟ್ಟರೆ ಹೈಪರ್‌ವೈಸರ್‌ಗೆ ಏನೂ ಉಳಿಯುವುದಿಲ್ಲ.

ಗುಂಪುಗಳು ಸಣ್ಣದಾಗಿ ಒಡೆಯುತ್ತವೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಎಸಿಎಸ್ ಎಂಬ ಪ್ರತ್ಯೇಕತೆಯ ವ್ಯವಸ್ಥೆ ಇದೆಯೇ, ಚಿಪ್‌ಸೆಟ್ ಅದನ್ನು ಪಾಲಿಸುತ್ತದೆಯೇ, ಬೋರ್ಡ್ ತಯಾರಕರು ಸ್ಲಾಟ್‌ಗಳನ್ನು ಪ್ರೊಸೆಸರ್‌ಗೆ ನೇರವಾಗಿ ಜೋಡಿಸಿದ್ದಾರೆಯೇ ಚಿಪ್‌ಸೆಟ್‌ನ ಮೂಲಕ ಜೋಡಿಸಿದ್ದಾರೆಯೇ ಎಂಬ ಸಂಗತಿಗಳು. ಒಂದೇ ರೈಜೆನ್ ಪ್ರೊಸೆಸರ್ ಅನ್ನು ಎಎಂಡಿಯ ಬಿ450 ಚಿಪ್‌ಸೆಟ್‌ನ ಬೋರ್ಡ್‌ನಲ್ಲಿ ಕೂರಿಸಿದಾಗ ಚಿಪ್‌ಸೆಟ್‌ನ ಹಿಂದಿನ ಸಾಧನಗಳು ಸಾಮಾನ್ಯವಾಗಿ ಒಂದೇ ದೊಡ್ಡ ಗುಂಪಾಗಿ ಅಂಟಿಕೊಂಡಿರುತ್ತವೆ, ಎಕ್ಸ್570ರ ಬೋರ್ಡ್‌ನಲ್ಲಿ ಅವು ಬಹುಮಟ್ಟಿಗೆ ಬಿಡಿಯಾಗಿ ಸಿಗುತ್ತವೆ. ಕೋರ್ ಎಣಿಕೆ ಎರಡರಲ್ಲೂ ಒಂದೇ, ಯೋಗ್ಯತೆ ಒಂದೇ ಅಲ್ಲ. ಗುಂಪುಗಳು ಒಡೆದಿವೆ ಎಂದು ಲಿನಕ್ಸ್‌ಗೆ ಸುಳ್ಳು ಹೇಳುವ ಎಸಿಎಸ್ ಓವರ್‌ರೈಡ್ ಎಂಬ ತೇಪೆಯೊಂದು ಚಲಾವಣೆಯಲ್ಲಿದೆಯಾದರೂ ಲಿನಕ್ಸ್‌ನ ಮೂಲ ಕರ್ನಲ್ ಅದನ್ನು ಒಳಗೆ ಸೇರಿಸಿಕೊಂಡಿಲ್ಲ; ಇಲ್ಲದ ಗೋಡೆಯನ್ನು ಇದೆಯೆಂದು ಘೋಷಿಸುವುದರಿಂದ ಗೋಡೆ ಹುಟ್ಟುವುದಿಲ್ಲವಷ್ಟೆ. ಗ್ರಾಫಿಕ್ಸ್ ಕಾರ್ಡ್‌ನ ತಯಾರಕರ ನೀತಿಯೂ ಈ ಸರಪಳಿಯ ಒಂದು ಕೊಂಡಿಯೇ: ಎನ್‌ವಿಡಿಯಾದ ಜೀಫೋರ್ಸ್ ಡ್ರೈವರ್ ತಾನು ವರ್ಚುವಲ್ ಮಷೀನ್‌ನೊಳಗಿದ್ದೇನೆಂದು ಅರಿತರೆ ಕೋಡ್ 43 ಎಂಬ ದೋಷ ತೋರಿಸಿ ಕೆಲಸ ನಿಲ್ಲಿಸುತ್ತಿತ್ತು, 2021ರಲ್ಲಷ್ಟೇ ಆ ಕಂಪನಿ ಈ ತಡೆಯನ್ನು ಸಡಿಲಿಸಿತು. ಎಎಂಡಿಯ ಕೆಲವು ಪೀಳಿಗೆಗಳ ಕಾರ್ಡ್‌ಗಳಾದರೋ ಅತಿಥಿ ಒಮ್ಮೆ ಮುಚ್ಚಿದ ಮೇಲೆ ಸರಿಯಾಗಿ ರಿಸೆಟ್ ಆಗದೆ, ಇಡೀ ಯಂತ್ರವನ್ನೇ ಮತ್ತೆ ಬೂಟ್ ಮಾಡಿಸುತ್ತಿದ್ದವು.

ಸಾಧನಗಳನ್ನು ಒಪ್ಪಿಸಿಕೊಡುವ ಗೊಡವೆಯೇ ಇಲ್ಲದವರಿಗೂ ಕೋರ್ ಎಣಿಕೆ ದಾರಿ ತಪ್ಪಿಸುತ್ತದೆ, ಏಕೆಂದರೆ ವರ್ಚುವಲ್ ಮಷೀನ್‌ಗಳು ಮೊದಲು ಬರಿದುಮಾಡುವುದು ರ‍್ಯಾಮ್ ಅನ್ನು. ಪ್ರೊಸೆಸರ್‌ನ ಸಮಯವನ್ನು ಹಂಚಿಕೊಳ್ಳಬಹುದು, ಬಹುತೇಕ ಹೊತ್ತು ಸುಮ್ಮನಿರುವ ಹತ್ತು ಅತಿಥಿಗಳು ಎಂಟು ಕೋರ್‌ಗಳಲ್ಲಿ ಜಗಳವಿಲ್ಲದೆ ಬಾಳಬಲ್ಲವು. ಆದರೆ ಸುಮ್ಮನಿರುವ ಅತಿಥಿಯೂ ತನಗೆ ಹಂಚಿದ ನೆನಪನ್ನು ಹಿಡಿದುಕೊಂಡೇ ಕೂರುತ್ತದೆ. ತಲಾ 4 ಜಿಬಿಯ ಹತ್ತು ಅತಿಥಿಗಳಿಗೆ 40 ಜಿಬಿ, ಹೈಪರ್‌ವೈಸರ್‌ಗೆ ಮತ್ತು ಡಿಸ್ಕ್ ಸಂಗ್ರಹದ ಕ್ಯಾಶ್‌ಗೆ ಇನ್ನೊಂದಷ್ಟು ಎಂದರೆ 64 ಜಿಬಿ ಬೇಕು. 16 ಜಿಬಿಯೊಡನೆ 16 ಕೋರ್‌ಗಳ ಯಂತ್ರ ಕೊಂಡವನಿಗೆ ಕೋರ್‌ಗಳಲ್ಲಿ ಹೆಚ್ಚಿನವು ಅಲಂಕಾರಕ್ಕೆ ಉಳಿಯುತ್ತವೆ. ಎಷ್ಟು ಜಿಬಿ ಎಂಬುದೂ ಬರಿಯ ಎಣಿಕೆಯಲ್ಲ, ಅದನ್ನು ಹೇಗೆ ಕೂರಿಸಬೇಕೆಂಬ ನಿಯಮವಿದೆ: ರೈಜೆನ್ 7000 ಸರಣಿಯಲ್ಲಿ ಎರಡು ಡಿಡಿಆರ್5 ಮಾಡ್ಯೂಲ್‌ಗಳಿಗೆ ಎಎಂಡಿ ಖಾತರಿ ಕೊಡುವ ವೇಗ ಸೆಕೆಂಡಿಗೆ 5200 ಮೆಗಾಟ್ರಾನ್ಸ್‌ಫರ್, ನಾಲ್ಕೂ ಸ್ಲಾಟ್ ತುಂಬಿದರೆ ಅದು 3600ಕ್ಕೆ ಇಳಿಯುತ್ತದೆ, ಆದ್ದರಿಂದ 16ರ ನಾಲ್ಕಕ್ಕಿಂತ 32ರ ಎರಡು ವಿವೇಕದ ಆಯ್ಕೆ. ನೆನಪಿನ ತಪ್ಪನ್ನು ತಾನೇ ಗುರುತಿಸಿ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್‌ನ ಪ್ರಶ್ನೆಯೂ ಇಲ್ಲಿ ಬರುತ್ತದೆ. ಗೂಗಲ್‌ನ ಸರ್ವರ್‌ಗಳನ್ನು ಕುರಿತ 2009ರ ಅಧ್ಯಯನವೊಂದು ವರ್ಷವೊಂದರಲ್ಲಿ ಸುಮಾರು ಮೂರನೇ ಒಂದರಷ್ಟು ಯಂತ್ರಗಳಲ್ಲಿ ಕನಿಷ್ಠ ಒಂದಾದರೂ ನೆನಪಿನ ದೋಷ ಕಂಡಿತೆಂದು ದಾಖಲಿಸಿದೆ. ಡಿಡಿಆರ್5 ಚಿಪ್‌ನ ಒಳಗಡೆ ಇರುವ ತಿದ್ದುಪಡಿಯನ್ನೇ ಇಸಿಸಿ ಎಂದು ಮಾರುವುದುಂಟು, ಆದರೆ ಅದು ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಕಾಯುವುದಿಲ್ಲ.

ಡಿಸ್ಕ್‌ಗಳ ವಿಷಯದಲ್ಲಿ ಜಾಹೀರಾತಿನ ಸಂಖ್ಯೆ ಇನ್ನೂ ಮೋಸದ್ದು. ಹಲವು ಅತಿಥಿಗಳು ಒಂದೇ ಡಿಸ್ಕ್‌ಗೆ ಏಕಕಾಲಕ್ಕೆ ಬರೆಯುವಾಗ ಕೆಲಸ ಚಿಕ್ಕಚಿಕ್ಕ ತುಣುಕುಗಳಾಗಿ ಚದುರುತ್ತದೆ, ಅದರಲ್ಲೂ ದತ್ತಸಂಚಯಗಳು ಬರೆದದ್ದು ನಿಜವಾಗಿ ಉಳಿಯಿತೆಂಬ ಖಾತರಿ ಸಿಗುವವರೆಗೆ ಮುಂದೆ ಹೆಜ್ಜೆ ಇಡುವುದಿಲ್ಲ. ಕರೆಂಟ್ ಹೋದರೂ ಕೈಯಲ್ಲಿದ್ದುದನ್ನು ಬರೆದು ಮುಗಿಸುವಷ್ಟು ಶಕ್ತಿಯನ್ನು ಕೆಪಾಸಿಟರ್‌ಗಳಲ್ಲಿ ಕೂಡಿಟ್ಟುಕೊಂಡ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಆ ಖಾತರಿಯನ್ನು ತಕ್ಷಣ ಕೊಡಬಲ್ಲದು. ಸಾಮಾನ್ಯ ಎಸ್‌ಎಸ್‌ಡಿ ಪ್ರತಿ ಸಲವೂ ಕಾಯಿಸುತ್ತದೆ. ಸ್ಯಾಮ್‌ಸಂಗ್‌ನ 870 ಕ್ಯೂವಿಒ ಡಿಸ್ಕ್‌ನ 1 ಟಿಬಿ ಮಾದರಿ ಸೆಕೆಂಡಿಗೆ 530 ಎಂಬಿ ಬರೆಯುತ್ತದೆಂದು ಪೆಟ್ಟಿಗೆ ಹೇಳುತ್ತದೆ, ಆದರೆ ಅದರ ವೇಗದ ಕ್ಯಾಶ್ ತುಂಬಿದ ಮೇಲೆ ಅದು 80 ಎಂಬಿಗೆ ಇಳಿಯುತ್ತದೆಂದು ತಯಾರಕರ ವಿವರಪಟ್ಟಿಯೇ ಒಪ್ಪುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಹಾರ್ಡ್ ಡಿಸ್ಕ್‌ಗಳು ಎಸ್‌ಎಂಆರ್ ಎಂಬ, ಪಟ್ಟಿಗಳನ್ನು ಹೆಂಚಿನಂತೆ ಒಂದರ ಮೇಲೊಂದು ಒರಗಿಸಿ ಬರೆಯುವ ವಿಧಾನದವೆಂದು ಬಯಲಾದದ್ದೂ, ಅಂಥವು ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಝೆಡ್‌ಎಫ್‌ಎಸ್ ಸಂಗ್ರಹವನ್ನು ಮರುಕಟ್ಟುವಾಗ ತೀರ ನಿಧಾನವಾಗಿ ಸೋಲುತ್ತಿದ್ದುದೂ ಇದೇ ಪಾಠವನ್ನು ಹೇಳುತ್ತವೆ: ಟಿಬಿಗಳ ಎಣಿಕೆ ಸರಿಯಿತ್ತು, ಕೆಲಸಕ್ಕೆ ಹೊಂದುವ ಬಗೆ ಸರಿಯಿರಲಿಲ್ಲ.

ಪೂರ್ವಪಕ್ಷದವರ ಕೊನೆಯ ಆಸರೆಗಳು ಮೂರು. ವಿದ್ಯಾರ್ಥಿಯೊಬ್ಬ ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಲಿನಕ್ಸ್ ಮಷೀನ್ ನಡೆಸಲು ಇಷ್ಟೆಲ್ಲ ಬೇಕೇ ಎಂಬುದು ಒಂದು. ಐಒಎಂಎಂಯು ಗುಂಪು, ಲೈವ್ ಮೈಗ್ರೇಶನ್‌ಗಳೆಲ್ಲ ಅವನಿಗೆ ಬೇಡವೆಂದು ಒಪ್ಪಬಹುದು, ಆದರೆ ರ‍್ಯಾಮ್ ಅನ್ನು ಬೋರ್ಡ್‌ಗೇ ಬೆಸೆದ 8 ಜಿಬಿಯ ಲ್ಯಾಪ್‌ಟಾಪ್ ಅನ್ನು ಕೋರ್ ನೋಡಿ ಕೊಂಡವನು ಮೊದಲ ಸೆಮಿಸ್ಟರ್‌ನಲ್ಲೇ ಕೈಸೋಲುತ್ತಾನೆ, ಅಂದರೆ ಚಿಕ್ಕ ಕೆಲಸದಲ್ಲೂ ಎಣಿಕೆಯ ಪ್ರಮಾಣ ನಿಲ್ಲುವುದಿಲ್ಲ. ಹಳೆಯ ಸರ್ವರ್ ಕೊಂಡರೆ ಎಲ್ಲ ಹೊಂದಾಣಿಕೆಯೂ ಸಿದ್ಧವಾಗಿಯೇ ಸಿಗುತ್ತದೆ ಎಂಬುದು ಇನ್ನೊಂದು. ಅದರಲ್ಲಿ ಸತ್ಯಾಂಶವಿದೆ, ಆದರೆ ಇಂಟೆಲ್‌ನ ಸರ್ವರ್ ಪ್ರೊಸೆಸರ್ ಝಿಯಾನ್ ಇ5ರ ಮೊದಲೆರಡು ಪೀಳಿಗೆಗಳಲ್ಲಿ ಎವಿಎಕ್ಸ್2 ಸೂಚನೆಗಳಿಲ್ಲದ ಕಾರಣ ಅವು ವಿ3 ಮಟ್ಟವನ್ನು ಮುಟ್ಟುವುದಿಲ್ಲ, ಅಲ್ಲದೆ ಸದಾ 100 ವ್ಯಾಟ್ ಎಳೆಯುವ ಯಂತ್ರ 30 ದಿನಗಳ ತಿಂಗಳೊಂದಕ್ಕೆ 72 ಯೂನಿಟ್ ವಿದ್ಯುತ್ ನುಂಗುತ್ತದೆ. ಯಂತ್ರವನ್ನೇ ಕೊಳ್ಳದೆ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದರೆ ಯಂತ್ರಾಂಶದ ಚಿಂತೆಯೇ ಇಲ್ಲ ಎಂಬುದು ಮೂರನೆಯದು. ಆದರೆ ಕ್ಲೌಡ್ ಕಂಪನಿಗಳ ನಡತೆಯೇ ಈ ವಾದಕ್ಕೆ ಪ್ರತಿಸಾಕ್ಷಿ: ಅಮೆಜಾನ್ 2017ರಲ್ಲಿ ನೈಟ್ರೊ ಎಂಬ ಹೆಸರಿನಿಂದ ಪ್ರಕಟಿಸಿದ ವ್ಯವಸ್ಥೆಯಲ್ಲಿ ನೆಟ್‌ವರ್ಕ್ ಮತ್ತು ಡಿಸ್ಕ್ ಸಂಗ್ರಹದ ಕೆಲಸಗಳನ್ನು ಹೈಪರ್‌ವೈಸರ್‌ನಿಂದ ಕಿತ್ತು ತಾನೇ ವಿನ್ಯಾಸಗೊಳಿಸಿದ ಕಾರ್ಡ್‌ಗಳಿಗೆ ವಹಿಸಿತು. ಬಾಡಿಗೆದಾರನಿಗೆ ಯಂತ್ರಾಂಶದ ಚಿಂತೆ ಇಲ್ಲದಿರುವುದು ಆ ಚಿಂತೆಯನ್ನು ಇನ್ನೊಬ್ಬರು ಹಣ ಪಡೆದು ಮಾಡಿದ್ದರಿಂದಲೇ ಹೊರತು ಚಿಂತೆ ಅನಗತ್ಯವಾದ್ದರಿಂದ ಅಲ್ಲ.

ಖಂಡನೆ ಇಲ್ಲಿಗೇ ನಿಂತರೆ ವಿತಂಡವಾದೀತು, ಆದ್ದರಿಂದ ಸಿದ್ಧಾಂತವನ್ನು ಹೇಳಬೇಕು. ಹೊಂದಾಣಿಕೆ ಎಂಬುದು ಯಾವ ಬಿಡಿ ಭಾಗದ ಗುಣವೂ ಅಲ್ಲ. ಕೆಲಸ, ಹೈಪರ್‌ವೈಸರ್, ಫರ್ಮ್‌ವೇರ್, ಬೋರ್ಡ್, ನೆನಪು, ಡಿಸ್ಕ್ ಮತ್ತು ಪ್ರೊಸೆಸರ್‌ಗಳ ನಡುವಿನ ಸಂಬಂಧ ಅದು, ಆದ್ದರಿಂದ ಅದನ್ನು ಸಂಖ್ಯೆಯಿಂದ ಊಹಿಸಲು ಬಾರದು, ಸಾಕ್ಷ್ಯದಿಂದ ತಿಳಿಯಬೇಕು. ಆಯ್ಕೆ ಕೆಲಸದಿಂದ ತೊಡಗಬೇಕು: ಎಷ್ಟು ಅತಿಥಿಗಳು, ಯಾವ ವ್ಯವಸ್ಥೆಗಳು, ಯಾವುದಕ್ಕಾದರೂ ನಿಜವಾದ ಸಾಧನವನ್ನು ಒಪ್ಪಿಸಬೇಕೇ ಎಂಬುದು ತೀರ್ಮಾನವಾದ ಮೇಲೆ ಹೈಪರ್‌ವೈಸರ್, ಅದು ಬೆಂಬಲಿಸುವ ಯಂತ್ರಾಂಶದ ಪಟ್ಟಿ ನೋಡಿ ಬೋರ್ಡ್ ಮತ್ತು ನೆಟ್‌ವರ್ಕ್ ಕಾರ್ಡ್, ಬೋರ್ಡ್‌ನ ಮಿತಿಯೊಳಗೆ ರ‍್ಯಾಮ್, ಬರವಣಿಗೆಯ ಬಗೆಗೆ ತಕ್ಕ ಡಿಸ್ಕ್, ಇವೆಲ್ಲ ಗೊತ್ತಾದ ನಂತರ ಉಳಿದ ಹಣಕ್ಕೆ ಸಿಗುವ ಪ್ರೊಸೆಸರ್. ಹೈಪರ್‌ವೈಸರ್ ಕೂಡ ಶಾಶ್ವತವಲ್ಲವೆಂಬುದನ್ನು ಈ ಲೆಕ್ಕದಲ್ಲಿ ಸೇರಿಸಬೇಕು: 2020ರಲ್ಲಿ ಇಎಸ್‌ಎಕ್ಸ್‌ಐ 7.0 ಹಳೆಯ ಡ್ರೈವರ್ ಪದರವನ್ನು ಕೈಬಿಟ್ಟಾಗ ಅದನ್ನೇ ನೆಚ್ಚಿದ್ದ ಕಾರ್ಡ್‌ಗಳು ಕಾಣದಾದವು. 2023ರ ನವೆಂಬರ್‌ನಲ್ಲಿ ವಿಎಂವೇರ್ ಬ್ರಾಡ್‌ಕಾಮ್‌ನ ಕೈಸೇರಿದ ಕೆಲವೇ ತಿಂಗಳಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಂತು, 2025ರಲ್ಲಷ್ಟೇ ಮತ್ತೆ ಬಂತು. ಹೀಗೆ ಒಂದು ಕಂಪನಿಯ ನಿರ್ಧಾರಕ್ಕೆ ಇಡೀ ಯಂತ್ರ ಒತ್ತೆಯಾಗದಿರಬೇಕಾದರೆ, ಲಿನಕ್ಸ್‌ನ ಮೂಲ ಕರ್ನಲ್‌ನಲ್ಲೇ ಡ್ರೈವರ್ ಇರುವ ಸಾಧನಗಳನ್ನು ಆರಿಸುವುದು ಸುರಕ್ಷಿತ.

ಸಾಕ್ಷ್ಯ ಸಿಗುವುದು ಕಷ್ಟವೇನಲ್ಲ. ಬೋರ್ಡ್‌ನ ಕೈಪಿಡಿ ಕೊಳ್ಳುವ ಮುನ್ನವೇ ಓದಲು ದೊರೆಯುತ್ತದೆ, ಅದರ ಬಯೋಸ್ ಅಧ್ಯಾಯದಲ್ಲಿ ಐಒಎಂಎಂಯು, ಎಸಿಎಸ್‌ಗಳ ಹೆಸರಿದೆಯೇ ಎಂದು ನೋಡಬಹುದು. ಅಂಗಡಿಯಲ್ಲಿ ಜೋಡಿಸಿದ ಯಂತ್ರವನ್ನು ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಗುಂಪುಗಳ ಪಟ್ಟಿ ಕೆಲವೇ ನಿಮಿಷಗಳಲ್ಲಿ ಕಣ್ಣೆದುರಿಗೆ ಬರುತ್ತದೆ. ಸಂಸ್ಥೆಗಳ ಟೆಂಡರ್‌ಗಳಲ್ಲಿ ಕನಿಷ್ಠ ಕೋರ್‌ಗಳ ಷರತ್ತಿನ ಬದಲು ಇಂಥ ಪರೀಕ್ಷೆಯನ್ನು ಸ್ವೀಕಾರದ ಷರತ್ತಾಗಿ ಬರೆಯಬಹುದು. ಗುಂಪುಗಳ ವಿವರವನ್ನು ತಯಾರಕರು ಪೆಟ್ಟಿಗೆಯ ಮೇಲೆ ಅಚ್ಚುಹಾಕದಿರುವುದು ಅದನ್ನು ಯಾರೂ ಕೇಳದಿರುವುದರಿಂದ, ಯಾರೂ ಕೇಳದಿರುವುದು ಕೋರ್‌ಗಳನ್ನು ಎಣಿಸಿದರೆ ಸಾಕೆಂದು ಎಲ್ಲರೂ ನಂಬಿರುವುದರಿಂದ. ಆ ನಂಬಿಕೆ ಕೊಳ್ಳುವವರ ಕೈಯಲ್ಲೇ ಇರುವುದರಿಂದ ಅದನ್ನು ಬಿಡುವ ಹೊಣೆಯೂ ಮೊದಲು ಅವರದೇ.